ಮಣಿಕಟ್ಟಿನ ಕೀಲೊಳಗೆ ಎಲುಬು ಮುರಿದರೆ: ಪಟ್ಟಿ, ತಂತಿ, ಫ್ರೇಮ್, ಪ್ಲೇಟ್‌ಗಳಲ್ಲಿ ಯಾವುದು?

ಮಣಿಕಟ್ಟು ಮುರಿದವರ ಮನೆಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: "ಪ್ಲೇಟ್ ಹಾಕಿಸಬೇಕಾ?" ಗಂಗಾವತಿಯ ಡಾಕ್ಟರ್ ಬೇಕು ಅಂದಿರುತ್ತಾರೆ. ಬಳ್ಳಾರಿಯಲ್ಲಿ ತೋರಿಸಿದರೆ ತಂತಿ ಸಾಕು ಅಂದಿರುತ್ತಾರೆ. ಊರಿನ ಹಿರಿಯರೊಬ್ಬರು ಆಪರೇಶನ್ ಏನೂ ಬೇಡ, ಪುತ್ತೂರು ಕಟ್ಟು ಹಾಕಿಸಿ ಅಂದಿರುತ್ತಾರೆ. ಇತ್ತ ಕೈ ಊದುತ್ತಾ ಇರುತ್ತದೆ, ಮನೆಯವರಿಗೆ ಯಾರ ಮಾತು ಕೇಳಬೇಕೋ ತಿಳಿಯುವುದಿಲ್ಲ.

ನಾನು ಫಿಸಿಯೋಥೆರಪಿ ಮಾಡುವವಳು. ಪಟ್ಟಿ ಬಿಚ್ಚಿದ ಮೇಲೆ, ಹೊಲಿಗೆ ತೆಗೆದ ಮೇಲೆ ಆ ಕೈಗಳು ನನ್ನ ಹತ್ತಿರ ಬರುತ್ತವೆ. ಅವನ್ನು ನೋಡಿ ನೋಡಿ ನನಗೆ ಖಾತ್ರಿಯಾದ ಮಾತು ಇದು: ಯಾವ ಲೋಹ, ಎಷ್ಟು ರೇಟು ಅಂತ ಕೇಳುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಕೀಲಿನ ಯಾವ ತುಂಡು ಜಾಗ ಬಿಟ್ಟಿದೆ? ನೀವು ಹೇಳುತ್ತಿರುವ ವಿಧಾನ ಆ ತುಂಡನ್ನು ಹಿಡಿದಿಡುತ್ತದಾ? ಇವೆರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಅರ್ಧ ತೀರ್ಮಾನವಾದಂತೆಯೇ.

ಮೊದಲು ಎಲುಬಿನ ವಿಷಯ

ಮುಂಗೈಯಲ್ಲಿ ಎರಡು ಎಲುಬು. ಹೆಬ್ಬೆರಳ ಕಡೆಯದು ರೇಡಿಯಸ್. ಅದರ ತುದಿ ಅಗಲವಾಗಿದ್ದು, ಅಂಗೈ ಬುಡದ ಸಣ್ಣ ಎಲುಬುಗಳಿಗೆ ಕೂರುವ ಜಾಗವಾಗುತ್ತದೆ. ಮಣಿಕಟ್ಟಿನ ಮೇಲೆ ಬೀಳುವ ಭಾರದಲ್ಲಿ ನೂರಕ್ಕೆ ಸುಮಾರು 80 ಭಾಗ ಈ ರೇಡಿಯಸ್ ತುದಿಯ ಮೇಲೇ. ಬೀಳುವಾಗ ಅಂಗೈ ಊರಿದರೆ ಮುರಿಯುವುದೂ ಇದೇ.

ಮುರಿತ ಕೀಲಿನಿಂದ ಹಿಂದೆ ನಿಂತರೆ ಒಂದು ಲೆಕ್ಕ. ಬಿರುಕು ಕೀಲಿನ ನುಣುಪು ಮೇಲ್ಮೈಯನ್ನೇ ಸೀಳಿದರೆ ಲೆಕ್ಕ ಬೇರೆ. ಆಗ ಒಂದು ತುಂಡು ಮೇಲೆ, ಒಂದು ಕೆಳಗೆ ಕೂತು ನಡುವೆ ಮೆಟ್ಟಿಲು ಬೀಳುತ್ತದೆ. 1986ರಲ್ಲಿ ಅಮೆರಿಕದ ಸರ್ಜನ್‌ಗಳಾದ ಕ್ನರ್ಕ್ ಮತ್ತು ಜುಪಿಟರ್ ಪ್ರಾಯದವರ ಹೀಗೆ ಮುರಿದ ಕೈಗಳನ್ನು ವರ್ಷಗಳ ನಂತರ ಮತ್ತೆ ನೋಡಿದರು. ಆ ಮೆಟ್ಟಿಲು 2 ಮಿಲಿಮೀಟರ್ ಅಥವಾ ಜಾಸ್ತಿ ಇದ್ದ ಕೈಗಳಲ್ಲಿ ಕೀಲು ಸವೆದಿರುವುದು ಎಕ್ಸ್‌ರೇಯಲ್ಲಿ ಕಂಡಿತು. ಇವತ್ತಿಗೂ ಡಾಕ್ಟರ್‌ಗಳು "2 ಎಂಎಂ" ಅನ್ನುವುದಕ್ಕೆ ಮೂಲ ಅದೇ. ಮುಂದೆ ಬಂದ ಅಧ್ಯಯನಗಳು ಇನ್ನೊಂದು ವಿಷಯ ತೋರಿಸಿದವು. ಎಕ್ಸ್‌ರೇಯಲ್ಲಿ ಸವೆತ ಕಂಡವರಲ್ಲಿ ಎಷ್ಟೋ ಜನ ಕೈಯನ್ನು ಚೆನ್ನಾಗಿಯೇ ಬಳಸುತ್ತಿದ್ದರು. ಹಾಗಾಗಿ 2 ಎಂಎಂ ಅಂದರೆ ಎಚ್ಚರಿಕೆ, ಕೈ ಹೋಯಿತು ಅಂತ ತೀರ್ಪಲ್ಲ.

ಸಾದಾ ಎಕ್ಸ್‌ರೇಯಲ್ಲಿ ಈ ಮೆಟ್ಟಿಲು ಕೆಲವೊಮ್ಮೆ ಅಡಗಿಬಿಡುತ್ತದೆ. ಕೀಲಿನೊಳಗೆ ಮುರಿದಿದೆ ಅನ್ನುವ ಅನುಮಾನ ಇದ್ದರೆ ಸಿಟಿ ಸ್ಕ್ಯಾನ್ ಮಾಡಿಸುವುದು ದುಡ್ಡು ದಂಡ ಅಲ್ಲ. ಎಷ್ಟು ತುಂಡು, ಯಾವುದು ನಡುವೆ ಕುಸಿದಿದೆ, ಅಂಗೈ ಕಡೆಯ ಅಂಚು ಒಡೆದಿದೆಯಾ ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಸಿಟಿ ನೋಡಿದ ಮೇಲೆ ಪ್ಲಾನ್ ಬದಲಾಗುವುದು ಅಪರೂಪವೇನಲ್ಲ.

ಆಪರೇಶನ್ ಇಲ್ಲದೆ: ಎಳೆದು ಕೂರಿಸಿ ಸಿಮೆಂಟ್ ಪಟ್ಟಿ

ತುಂಡುಗಳು ಜಾಗ ಬಿಟ್ಟಿಲ್ಲ, ಅಥವಾ ಎಳೆದು ಕೂರಿಸಿದ ಮೇಲೆ ಸರಿಯಾಗಿ ಕೂತಿವೆ ಅಂದರೆ ಪಟ್ಟಿಯೇ ಸಾಕು. ಐದಾರು ವಾರ. ಆದರೆ ಮೊದಲ ಎರಡು ಮೂರು ವಾರ ಪ್ರತಿ ವಾರ ಎಕ್ಸ್‌ರೇ ತಪ್ಪಿಸಬಾರದು. ಊತ ಇಳಿದಂತೆ ಪಟ್ಟಿ ಸಡಿಲವಾಗುತ್ತದೆ, ಒಳಗೆ ಎಲುಬು ಜಾರುತ್ತದೆ. 2022ರಲ್ಲಿ ಬ್ರಿಟನ್ನಿನಲ್ಲಿ 500 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಎಲುಬು ಕೂರಿಸಿದ ಮೇಲೆ ಅರ್ಧ ಜನಕ್ಕೆ ಬರೀ ಪಟ್ಟಿ ಹಾಕಿದರು, ಅರ್ಧ ಜನಕ್ಕೆ ತಂತಿಯನ್ನೂ ಹಾಕಿದರು. ವರ್ಷದ ಮೇಲೆ ಎರಡೂ ಗುಂಪಿನ ಕೈಗಳು ಸಮ. ಆದರೆ ಬರೀ ಪಟ್ಟಿ ಹಾಕಿದವರಲ್ಲಿ ಸುಮಾರು ಎಂಟಕ್ಕೆ ಒಬ್ಬರಿಗೆ ಮೊದಲ ಆರು ವಾರದಲ್ಲೇ ಎಲುಬು ಜಾರಿ ಆಪರೇಶನ್ ಬೇಕಾಯಿತು. ಎಕ್ಸ್‌ರೇ ತಪ್ಪಿಸಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

65 ದಾಟಿದವರ ವಿಷಯದಲ್ಲಿ ಪಟ್ಟಿಗೆ ಇನ್ನೂ ಜಾಸ್ತಿ ಬೆಲೆ ಕೊಡಬೇಕು. 2011ರಲ್ಲಿ ಆಸ್ಟ್ರಿಯಾದವರು ಆ ವಯಸ್ಸಿನ 73 ಜನರಲ್ಲಿ ಪಟ್ಟಿಯನ್ನೂ ಪ್ಲೇಟನ್ನೂ ಹೋಲಿಸಿ ನೋಡಿದರು. ವರ್ಷದ ಮೇಲೆ ಕೈಯ ಚಲನೆ, ದಿನದ ಕೆಲಸ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಪ್ಲೇಟ್ ಹಾಕಿಸಿಕೊಂಡವರ ಹಿಡಿತ ಗಟ್ಟಿ ಇತ್ತು, ಆದರೆ ತೊಂದರೆಗಳೂ ಅವರಲ್ಲೇ ಜಾಸ್ತಿ. ಪಟ್ಟಿಯವರ ಕೈ ನೋಡಲು ಸ್ವಲ್ಪ ಸೊಟ್ಟ, ಕಿರುಬೆರಳ ಕಡೆ ಗಂಟು ಎದ್ದಂತೆ ಕಾಣುತ್ತಿತ್ತು. ಹೀಗಿರುವಾಗ ಕೈ ಸೊಟ್ಟ ಕಂಡಿತು ಅನ್ನುವ ಒಂದೇ ಕಾರಣಕ್ಕೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ 75ರ ಅಜ್ಜಿಗೆ ಅವಸರವಾಗಿ ಪ್ಲೇಟ್ ಹಾಕಿಸಬೇಕಾಗಿಲ್ಲ. ಅದೇ ವಯಸ್ಸಿನವರು ಇವತ್ತಿಗೂ ಹೊಲಕ್ಕೆ ಹೋಗಿ ಕುಡುಗೋಲು ಹಿಡಿಯುತ್ತಾರೆ ಅಂದರೆ ಆ ಮಾತು ಡಾಕ್ಟರ್ ಮುಂದೆ ಬರಲೇಬೇಕು. ವಯಸ್ಸಿನ ಜೊತೆ ಕೈ ಮಾಡುವ ಕೆಲಸವನ್ನೂ ನೋಡಬೇಕು.

ಇನ್ನು ಪುತ್ತೂರು ಕಟ್ಟಿನಂಥ ನಾಟಿ ಕಟ್ಟಿನ ಬಗ್ಗೆ. ಅಲ್ಲಿಗೆ ಹೋಗುವವರ ನಂಬಿಕೆಯನ್ನು ನಾನು ಹೀಯಾಳಿಸುವುದಿಲ್ಲ. ಆಸ್ಪತ್ರೆ ದೂರ, ಖರ್ಚಿನ ಹೆದರಿಕೆ, ಎಲ್ಲ ನಿಜ. ಆದರೆ ಕೀಲೊಳಗಿನ ಮೆಟ್ಟಿಲು ಹೊರಗಿಂದ ಮುಟ್ಟಿದರೆ ಗೊತ್ತಾಗುವುದಿಲ್ಲ. ಮೂರು ವಾರ ಕಟ್ಟು ಹಾಕಿಕೊಂಡು ಬಂದರೆ ಆಗಲೇ ಎಲುಬು ಸೊಟ್ಟಗೆ ಕೂಡಲು ಶುರುವಾಗಿರುತ್ತದೆ. ಆಮೇಲೆ ಅದನ್ನು ಬಿಡಿಸಿ ಕೂರಿಸುವುದು ದೊಡ್ಡ ಆಪರೇಶನ್. ಕಟ್ಟು ಬಿಗಿಯಾಗಿ ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಬೆರಳು ನೆಟ್ಟಗೆ ಚಾಚಿದರೆ ತಡೆಯಲಾಗದ ನೋವು ಬಂದರೆ ಅದನ್ನು ಆ ಕ್ಷಣವೇ ಬಿಚ್ಚಿ ಆಸ್ಪತ್ರೆಗೆ ಹೊರಡಿ. ರಾತ್ರಿಯಾದರೂ ಸರಿ. ಆಸ್ಪತ್ರೆಯ ಸಿಮೆಂಟ್ ಪಟ್ಟಿಯಲ್ಲಿ ಹೀಗಾದರೂ ಅಷ್ಟೇ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ತಂತಿ

ಚರ್ಮ ಕೊಯ್ಯದೆ, ಹೊರಗಿಂದಲೇ ಸಣ್ಣ ಸ್ಟೀಲ್ ತಂತಿಗಳನ್ನು ಡ್ರಿಲ್‌ನಿಂದ ತೂರಿಸಿ ತುಂಡುಗಳನ್ನು ಪೋಣಿಸುತ್ತಾರೆ. ಸಿ-ಆರ್ಮ್, ಅಂದರೆ ಆಪರೇಶನ್ ನಡೆಯುವಾಗಲೇ ಸ್ಕ್ರೀನಿನಲ್ಲಿ ಎಲುಬು ತೋರಿಸುವ ಎಕ್ಸ್‌ರೇ ಯಂತ್ರ, ನೋಡಿಕೊಂಡು ಮಾಡುವ ಕೆಲಸ. ತಂತಿಯ ತುದಿ ಸಾಮಾನ್ಯವಾಗಿ ಚರ್ಮದ ಹೊರಗೆ ಬಗ್ಗಿಸಿಟ್ಟಿರುತ್ತಾರೆ, ಮೇಲೆ ಪಟ್ಟಿ. ನಾಲ್ಕರಿಂದ ಆರು ವಾರದ ಮೇಲೆ ಓಪಿಡಿಯಲ್ಲೇ ಎಳೆದು ತೆಗೆಯುತ್ತಾರೆ. ಸಾಮಾನಿನ ಖರ್ಚು ಎಲ್ಲಕ್ಕಿಂತ ಕಡಿಮೆ, ದೊಡ್ಡ ಗಾಯ ಇಲ್ಲ.

"ಕಡಿಮೆ ರೇಟಿನದ್ದು, ಹಾಗಾಗಿ ಕಡಿಮೆ ಗುಣದ್ದು" ಅಂತ ಜನ ಅಂದುಕೊಳ್ಳುತ್ತಾರೆ. ಅದು ತಪ್ಪು. 2014ರಲ್ಲಿ ಬ್ರಿಟನ್ನಿನಲ್ಲಿ 461 ಜನರಲ್ಲಿ ತಂತಿಯನ್ನೂ ಲಾಕಿಂಗ್ ಪ್ಲೇಟನ್ನೂ (ಅದು ಏನು ಅಂತ ಮುಂದೆ ಹೇಳುತ್ತೇನೆ) ಹೋಲಿಸಿದಾಗ, ವರ್ಷದ ಮೇಲೆ ಕೈಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಆದರೆ ಇಲ್ಲೊಂದು ಷರತ್ತು ಇದೆ, ಅದನ್ನು ಬಿಟ್ಟು ಓದಿದರೆ ದಾರಿ ತಪ್ಪುತ್ತದೆ. ಕೊಯ್ಯದೆ ಹೊರಗಿಂದಲೇ ಎಳೆದು ಕೀಲಿನ ಮೇಲ್ಮೈ ಕೂರಿಸಲು ಆಗದಂಥ ಮುರಿತಗಳನ್ನು ಆ ಅಧ್ಯಯನಕ್ಕೆ ಸೇರಿಸಿರಲೇ ಇಲ್ಲ. ಅಂದರೆ ಎಳೆದಾಗ ಮೆಟ್ಟಿಲು ಮುಚ್ಚಿತು ಅಂದರೆ ತಂತಿ ಒಳ್ಳೆಯ ಆಯ್ಕೆ. ಮುಚ್ಚಲಿಲ್ಲ ಅಂದರೆ ಆ ಫಲಿತಾಂಶ ನಿಮಗೆ ಅನ್ವಯಿಸುವುದಿಲ್ಲ.

ತಂತಿಗೆ ಒಗ್ಗದ ಮುರಿತಗಳೂ ಇವೆ. ಪುಡಿಪುಡಿಯಾದದ್ದು, ಅಂಗೈ ಕಡೆಯ ಅಂಚು ಒಡೆದು ಜಾರಿದ್ದು, ವಯಸ್ಸಾಗಿ ಟೊಳ್ಳಾದ ಎಲುಬು. ಟೊಳ್ಳು ಎಲುಬಿನಲ್ಲಿ ತಂತಿಗೆ ಹಿಡಿತ ಸಿಗುವುದಿಲ್ಲ. ನಮ್ಮ ಕಡೆ ಇನ್ನೊಂದು ತಾಪತ್ರಯ ಬಿಸಿಲು. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಪಟ್ಟಿಯೊಳಗೆ ಬೆವರು ನಿಲ್ಲುವುದೇ ಇಲ್ಲ. ತಂತಿ ಹೊರಬಂದ ಜಾಗ ಕೆಂಪಾಗುತ್ತದೆ, ಕೀವು ಆಗುತ್ತದೆ. ಸಿಂಧನೂರು, ಸಿರುಗುಪ್ಪ ಕಡೆ ಭತ್ತದ ನಾಟಿ ಹೊತ್ತಿಗೆ "ಒಂದೇ ಕೈಲಿ ಸ್ವಲ್ಪ ಕೆಲಸ ಮಾಡ್ತೀನಿ" ಅಂತ ಕೆಸರಿಗೆ ಇಳಿಯುವವರಿದ್ದಾರೆ. ತಂತಿ ಹೊರಗಿರುವಷ್ಟು ದಿನ ಕೆಸರು, ಕಾಲುವೆ ನೀರು, ದನದ ಕೊಟ್ಟಿಗೆ ಬೇಡವೇ ಬೇಡ. ಅಷ್ಟು ದಿನ ಕೆಲಸ ಬಿಡಲು ಸಾಧ್ಯವೇ ಇಲ್ಲ ಅಂದರೆ ಅದನ್ನು ಮೊದಲೇ ಸರ್ಜನ್‌ಗೆ ಹೇಳಿ.

ಹೊರಗಿನ ಫ್ರೇಮ್

ಇದನ್ನು ಫಿಕ್ಸೇಟರ್ ಅನ್ನುತ್ತಾರೆ. ತೋರುಬೆರಳ ಬುಡದ ಅಂಗೈ ಎಲುಬಿಗೆ ಎರಡು ಪಿನ್, ಮೇಲೆ ರೇಡಿಯಸ್‌ಗೆ ಎರಡು ಪಿನ್, ನಡುವೆ ಹೊರಗಡೆ ಒಂದು ರಾಡ್. ಮಣಿಕಟ್ಟನ್ನು ಎಳೆದು ಹಿಡಿದಾಗ ಸುತ್ತಲಿನ ಕಟ್ಟುನಾರುಗಳೇ ತುಂಡುಗಳನ್ನು ಜಾಗಕ್ಕೆ ಎಳೆಯುತ್ತವೆ. ಹೆದ್ದಾರಿಯಲ್ಲಿ ಬೈಕ್ ಬಿದ್ದು ಗಾಯದ ಬಾಯಿ ತೆರೆದು ಮಣ್ಣು ಸೇರಿದ ಕೈಗೆ, ಒಳಗೆ ಲೋಹ ಇಡಲಾಗದಷ್ಟು ಊದಿದ ಕೈಗೆ ಇದು ದೊಡ್ಡ ಆಸರೆ.

ಇದರ ಮಿತಿ ಸುಲಭವಾಗಿ ಅರ್ಥವಾಗುತ್ತದೆ. ಅಂಚಿನ ತುಂಡುಗಳಿಗೆ ಕಟ್ಟುನಾರು ಅಂಟಿರುತ್ತದೆ, ಎಳೆದರೆ ಬರುತ್ತವೆ. ಕೀಲಿನ ನಡುವೆ ಕೆಳಗೆ ಕುಸಿದ ತುಂಡಿಗೆ ಏನೂ ಅಂಟಿರುವುದಿಲ್ಲ. ಎಷ್ಟು ಎಳೆದರೂ ಅದು ಏಳುವುದಿಲ್ಲ. ಅದನ್ನು ಮೇಲೇಳಿಸಲು ಸಣ್ಣ ಗಾಯ ಮಾಡಿ, ಕೆಳಗೆ ತಂತಿ ಕೊಡಬೇಕು. ಜಾಸ್ತಿ ಎಳೆದು ಕಟ್ಟಿದರೆ ಬೆರಳು ಬಿಗಿದುಕೊಳ್ಳುತ್ತವೆ. ಫ್ರೇಮ್ ಹಾಕಿಕೊಂಡವರಲ್ಲಿ ನಾನು ಮೊದಲು ನೋಡುವುದು ಮಣಿಕಟ್ಟನ್ನಲ್ಲ, ಬೆರಳುಗಳನ್ನು. ಮುಷ್ಟಿ ಪೂರ್ತಿ ಮುಚ್ಚಲು ಬರದಿದ್ದರೆ ಎಳೆತ ಜಾಸ್ತಿಯಾಗಿದೆಯಾ ಅಂತ ಸರ್ಜನ್‌ಗೆ ಕೇಳಿಬರಲು ಕಳಿಸುತ್ತೇನೆ. ಸುಮಾರು ಆರು ವಾರ ಇದರ ಜೊತೆ ಬಾಳಬೇಕು. ಅಂಗಿ ತೋಳು ಹೋಗುವುದಿಲ್ಲ, ಮಗ್ಗುಲಾಗಿ ಮಲಗಲು ಕಷ್ಟ, ಪಿನ್ ಬುಡ ದಿನಾ ಸ್ವಚ್ಛ ಮಾಡಬೇಕು.

ಲಾಕಿಂಗ್ ಪ್ಲೇಟ್

ಅಂಗೈ ಕಡೆಯಿಂದ ಕೊಯ್ದು, ಟೆಂಡನ್‌ಗಳನ್ನು, ಅಂದರೆ ಬೆರಳು ಎಳೆಯುವ ಹುರಿಗಳನ್ನು, ಪಕ್ಕಕ್ಕೆ ಸರಿಸಿ ಎಲುಬಿನ ಮೇಲೆ ಪ್ಲೇಟ್ ಕೂರಿಸುತ್ತಾರೆ. ಮೊದಲೆಲ್ಲ ಹಿಂಬದಿಯಿಂದ ಹಾಕುತ್ತಿದ್ದದ್ದೇ ಜಾಸ್ತಿ. ಅಲ್ಲಿ ಟೆಂಡನ್‌ಗಳು ಲೋಹಕ್ಕೆ ಉಜ್ಜಿ ತೊಂದರೆಯಾಗುತ್ತಿತ್ತು. 2000ದ ನಂತರ ಅಂಗೈ ಕಡೆಯ ಲಾಕಿಂಗ್ ಪ್ಲೇಟ್ ಜಗತ್ತಿನಾದ್ಯಂತ ಹರಡಿತು.

ಇದರ ಗುಟ್ಟು ಸ್ಕ್ರೂ ತಲೆಯಲ್ಲಿದೆ. ಅದು ಪ್ಲೇಟಿನ ತೂತಿಗೇ ತಿರುಪಿನಂತೆ ತಿರುಗಿ ಬಿಗಿಯುತ್ತದೆ, ಹಾಗಾಗಿ ಎಲುಬು ಟೊಳ್ಳಿದ್ದರೂ ಸ್ಕ್ರೂ ಅಲುಗುವುದಿಲ್ಲ. ಕೀಲಿನ ಮೇಲ್ಮೈಯ ಕೆಳಗೇ ಸ್ಕ್ರೂಗಳ ಸಾಲು ಬರುತ್ತದೆ. ನಮ್ಮ ಮಾಳಿಗೆ ಮನೆಗಳಲ್ಲಿ ಮೇಲ್ಮುದ್ದೆಯ ಮಣ್ಣನ್ನು ಜಂತಿಗಳು ಹೊತ್ತಿರುತ್ತವಲ್ಲ, ಹಾಗೆ ಈ ಸ್ಕ್ರೂಗಳು ಎತ್ತಿ ಕೂರಿಸಿದ ತುಂಡುಗಳನ್ನು ಕೆಳಗಿಂದ ಹೊರುತ್ತವೆ. ಬೆರಳುಗಳನ್ನು ಮರುದಿನವೇ ಆಡಿಸಬಹುದು. ಮಣಿಕಟ್ಟನ್ನು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ನಿಧಾನಕ್ಕೆ ಶುರು ಮಾಡಿಸುತ್ತೇವೆ. ಬೇಗ ಕೆಲಸಕ್ಕೆ ಹೋಗಲೇಬೇಕಾದವರಿಗೆ ಪ್ಲೇಟಿನ ನಿಜವಾದ ಲಾಭ ಇದೇ: ಮೊದಲ ಎರಡು ಮೂರು ತಿಂಗಳು. ವರ್ಷದ ಹೊತ್ತಿಗೆ ಬೇರೆ ವಿಧಾನದವರೂ ಬಹುಪಾಲು ಹತ್ತಿರ ಬಂದಿರುತ್ತಾರೆ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಯುವ ಟೈಲರ್‌ಗೆ, ಆಟೋ ಓಡಿಸುವವರಿಗೆ, ಕಿನ್ನಾಳದಲ್ಲಿ ಗೊಂಬೆ ಕೆತ್ತುವವರಿಗೆ ಆ ಮೂರು ತಿಂಗಳು ಅಂದರೆ ಮನೆಯ ಅಕ್ಕಿ ಬೇಳೆ.

ಪ್ಲೇಟಿನ ತೊಂದರೆಗಳನ್ನೂ ಬಿಚ್ಚಿ ಹೇಳಬೇಕು. ಎಲುಬಿನ ಅಂಚಿಗಿಂತ ಮುಂದಕ್ಕೆ ಕೂತ ಪ್ಲೇಟು ಹೆಬ್ಬೆರಳು ಮಡಚುವ ಟೆಂಡನ್ನನ್ನು ಸವೆಸಿ, ತಿಂಗಳುಗಳ ನಂತರ, ಒಮ್ಮೊಮ್ಮೆ ವರ್ಷಗಳ ನಂತರ, ಕಡಿದುಹಾಕಬಲ್ಲದು. ಉದ್ದ ಜಾಸ್ತಿಯಾದ ಸ್ಕ್ರೂ ಹಿಂಬದಿಗೆ ಹೊರಬಂದು ಅಲ್ಲಿನ ಟೆಂಡನ್ ಕೆರೆಯಬಹುದು. ಸ್ಕ್ರೂ ಕೀಲಿನೊಳಕ್ಕೇ ಹೋಗಿಬಿಟ್ಟರೆ ಪ್ರತಿ ಅಲುಗಾಟಕ್ಕೂ ನೋವು. ಅಂಗೈ ಕಡೆಯ ಅಂಚಿನ ಸಣ್ಣ ತುಂಡು ಪ್ಲೇಟಿನ ಹಿಡಿತಕ್ಕೆ ಸಿಗದೆ ಜಾರಿದರೆ ಇಡೀ ಅಂಗೈಯೇ ಮುಂದಕ್ಕೆ ಜಾರುತ್ತದೆ. ಹಾಗಾಗಿ ಆಪರೇಶನ್ ನಂತರದ ಎಕ್ಸ್‌ರೇ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ. ಪಕ್ಕದಿಂದ ತೆಗೆದ ಚಿತ್ರವೂ ಇರಲಿ.

ಟೈಟಾನಿಯಮ್ಮೋ ಸ್ಟೀಲೋ ಅಂತ ಕೌಂಟರಿನಲ್ಲಿ ಕೇಳುತ್ತಾರೆ. ಟೈಟಾನಿಯಂ ದುಬಾರಿ. ಎರಡೂ ಎಲುಬು ಕೂಡುವವರೆಗೆ ಹಿಡಿದಿಡುತ್ತವೆ. ಪ್ಲೇಟ್ ಯಾವ ಜಾಗದಲ್ಲಿ ಕೂತಿದೆ, ಸ್ಕ್ರೂ ಉದ್ದ ಸರಿಯಿದೆಯಾ ಅನ್ನುವುದು ಅದಕ್ಕಿಂತ ಎಷ್ಟೋ ಮುಖ್ಯ. ಸಾಲ ಮಾಡಿ ಟೈಟಾನಿಯಂ ಹಾಕಿಸಬೇಡಿ. ಅಂಗೈ ಕಡೆಯ ಅಂಚು ಒಂದೇ ದೊಡ್ಡ ತುಂಡಾಗಿ ಮುರಿದು ಜಾರಿದ್ದರೆ, ಹಳೆಯ ಕಾಲದ ಸಾದಾ ಟಿ-ಪ್ಲೇಟ್ ಕೂಡ ಅದನ್ನು ಒತ್ತಿ ಹಿಡಿಯುತ್ತದೆ. ಪ್ಲೇಟನ್ನು ತೊಂದರೆ ಇಲ್ಲದಿದ್ದರೆ ತೆಗೆಸಬೇಕಾಗಿಲ್ಲ.

ಅಪರೂಪಕ್ಕೆ ಬೇಕಾಗುವವು

ಕೀಲು ಪೂರ್ತಿ ಪುಡಿಯಾದಾಗ ಅಂಗೈ ಎಲುಬಿನಿಂದ ರೇಡಿಯಸ್‌ವರೆಗೆ ಮಣಿಕಟ್ಟನ್ನೇ ದಾಟಿ ಉದ್ದ ಪ್ಲೇಟ್ ಹಾಕುತ್ತಾರೆ. ಫ್ರೇಮಿನ ಕೆಲಸವನ್ನೇ ಚರ್ಮದ ಒಳಗಿಂದ ಮಾಡುತ್ತದೆ. ಸುಮಾರು ಮೂರು ತಿಂಗಳಿಗೆ ಎರಡನೇ ಆಪರೇಶನ್ ಮಾಡಿ ತೆಗೆಯಲೇಬೇಕು. ಒಂದೊಂದು ತುಂಡಿಗೆ ಒಂದೊಂದು ಪುಟ್ಟ ಪ್ಲೇಟ್ ಹಾಕುವ ವಿಧಾನವೂ ಇದೆ. ಸಣ್ಣ ಕ್ಯಾಮೆರಾ ತೂರಿಸಿ ಕೀಲಿನ ಮೇಲ್ಮೈ ನೇರವಾಗಿ ನೋಡಿಕೊಂಡು ಕೂರಿಸುವುದೂ ಇದೆ. ಇವಕ್ಕೆ ಪಳಗಿದ ಕೈ ಬೇಕು, ಎಲ್ಲ ಊರಲ್ಲೂ ಸಿಗುವುದಿಲ್ಲ. ನಿಮ್ಮ ಸರ್ಜನ್ನೇ "ಇದಕ್ಕೆ ಕೈ ಸ್ಪೆಶಲಿಸ್ಟ್ ಬೇಕು" ಅಂದರೆ ಹುಬ್ಬಳ್ಳಿಗೋ ಹೈದರಾಬಾದಿಗೋ ಬೆಂಗಳೂರಿಗೋ ಹೊರಡಲು ತಡ ಮಾಡಬೇಡಿ. ಅವರು ಹಾಗೆ ಹೇಳಿದ್ದು ಒಳ್ಳೆಯ ಡಾಕ್ಟರ್‌ನ ಲಕ್ಷಣ.

ದಿನಗಳ ಲೆಕ್ಕ, ದುಡ್ಡಿನ ಲೆಕ್ಕ

ಬ್ರಿಟನ್ನಿನ 2016ರ ಮಾರ್ಗಸೂಚಿ ಕೀಲೊಳಗಿನ ಮುರಿತಕ್ಕೆ ಆಪರೇಶನ್ ಬೇಕಿದ್ದರೆ 72 ಗಂಟೆಯೊಳಗೆ ಮಾಡಿ ಅನ್ನುತ್ತದೆ. ನಮ್ಮಲ್ಲಿ ಅಷ್ಟು ಬೇಗ ಆಗದಿರಬಹುದು. ವಾರದೊಳಗೆ ಆದರೆ ಒಳ್ಳೆಯದು. ಎರಡು ಮೂರು ವಾರ ದಾಟಿದರೆ ಕೆಲಸ ಕಷ್ಟವಾಗುತ್ತಾ ಹೋಗುತ್ತದೆ. ಬಿದ್ದ ದಿನವೇ ಮಾಡಬೇಕಾದ್ದು ಒಂದಿದೆ: ಉಂಗುರ, ಬಳೆ ತೆಗೆಯಿರಿ. ಊದಿದ ಮೇಲೆ ಕತ್ತರಿಸಬೇಕಾಗುತ್ತದೆ. ಬಳೆ ಒಡೆಯಬಾರದು ಅಂತ ಹಿರಿಯರು ಸಂಕಟಪಟ್ಟರೆ ಸೋಪು ಹಚ್ಚಿ ಜಾರಿಸಿ ಇನ್ನೊಂದು ಕೈಗೆ ಹಾಕಿ.

ಬಳ್ಳಾರಿಯಲ್ಲಿ ಈಗಲೂ ಎಲ್ಲರೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಸರ್ಕಾರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನಲ್ಲಿ ನೂರಕ್ಕೆ 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ಅಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಕೇಳಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಯೋಜನೆಯಲ್ಲಿ ಸಿಗುವ ಪ್ಲೇಟ್ ಕಳಪೆ ಅಂತ ಯಾರಾದರೂ ಸುಮ್ನೆ ಹೇಳಿದರೆ ನಂಬಬೇಡಿ. ಯಾವ ತುಂಡಿಗೆ ಅದು ಸಾಲದು ಅಂತ ವಿವರಿಸಲು ಕೇಳಿ.

ಕೈ ಏನು ಮಾಡಬೇಕು ಅಂತ ಹೇಳಿ

ಡಾಕ್ಟರ್ ಚಾರ್ಟಿನಲ್ಲಿ ಡಿಗ್ರಿ ಬರೆಯುತ್ತಾರೆ. ದಿನದ ಬಹುತೇಕ ಕೆಲಸಕ್ಕೆ ಮಣಿಕಟ್ಟು ಹಿಂದಕ್ಕೆ 40, ಮುಂದಕ್ಕೆ 40 ಡಿಗ್ರಿ ಬಾಗಿದರೆ ಸಾಕು. ಆದರೆ ನಮ್ಮ ಹೆಣ್ಣುಮಕ್ಕಳ ಲೆಕ್ಕ ಬೇರೆ. "ರೊಟ್ಟಿ ಬಡಿಯೋಕೆ ಯಾವಾಗ ಆಗುತ್ತೆ?" ಅದೊಂದೇ ಪ್ರಶ್ನೆ. ಜೋಳದ ಹಿಟ್ಟು ನಾದುವಾಗ ಅಂಗೈ ಬುಡದ ಮೇಲೆ ಮೈಭಾರ ಬೀಳುತ್ತದೆ, ಮಣಿಕಟ್ಟು ಪೂರಾ ಹಿಂದಕ್ಕೆ ಬಾಗಿರುತ್ತದೆ. ಬಡಿಯುವಾಗ ಒಂದು ಅಂಗೈ ಚಪ್ಪಟೆಯಾಗಿ ಬೀಳುತ್ತಲೇ ಇರುತ್ತದೆ, ಇನ್ನೊಂದು ಕೈಬೆರಳು ಅಂಚು ತಿರುಗಿಸುತ್ತಿರುತ್ತವೆ. ನೆಲದಿಂದ ಕೈಯೂರಿ ಏಳುವಾಗಲೂ ಅದೇ ಭಾರ. ಇವೆರಡೂ ಎಲುಬು ಕೂಡಿದ್ದು ಎಕ್ಸ್‌ರೇಯಲ್ಲಿ ಖಾತ್ರಿಯಾದ ಮೇಲೆ, ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ. ನಾನು ಮೊದಲು ಬರಿಗೈ ಬಡಿತ ಮಾಡಿಸುತ್ತೇನೆ, ಆಮೇಲೆ ಮೃದು ಹಿಟ್ಟು, ನಾದುವುದು ಕೊನೆಗೆ. ಎರಡೂ ಅಂಗೈ ಎದೆಯ ಮುಂದೆ ಜೋಡಿಸಿ ನಮಸ್ಕಾರ ಮಾಡಿ ಮೊಣಕೈ ಮೇಲೆತ್ತಿ ನೋಡಿ, ಎರಡು ಕೈಗೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಯಾವುದೇ ವಿಧಾನ ಇರಲಿ, ಮೊದಲ ದಿನದಿಂದ ಬೆರಳು, ಮೊಣಕೈ, ಭುಜ ಆಡಿಸಬೇಕು. ಕೈ ಎದೆಗಿಂತ ಮೇಲಿರಲಿ. ಬೀಡಿ, ತಂಬಾಕು ಬಿಟ್ಟರೆ ಎಲುಬು ಬೇಗ ಕೂಡುತ್ತದೆ. ಕೈ ಬಿಸಿಯಾಗಿ, ಚರ್ಮ ಹೊಳೆದು, ಮುಟ್ಟಿದರೆ ಉರಿಯುವಂಥ ನೋವು ವಾರಗಟ್ಟಲೆ ಉಳಿದರೆ ತಕ್ಷಣ ತೋರಿಸಿ, ಆ ತೊಂದರೆಗೆ ಬೇಗ ಚಿಕಿತ್ಸೆ ಶುರುವಾಗಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಾ ಜಾಸ್ತಿಯಾದರೆ ನರ ಒತ್ತಿಕೊಂಡಿದೆ ಅಂತ ಅರ್ಥ, ಕಾಯಬೇಡಿ. ಎಲ್ಲ ಸರಿಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಹೆಬ್ಬೆರಳು ಮೇಲಕ್ಕೆ ಏಳದಿದ್ದರೆ ಟೆಂಡನ್ ಕಡಿದಿರಬಹುದು. ಪ್ಲೇಟ್ ಇಲ್ಲದೆ ಬರೀ ಪಟ್ಟಿ ಹಾಕಿದವರಿಗೂ ಇದು ಆಗುತ್ತದೆ.

50 ದಾಟಿದ ಹೆಣ್ಣುಮಕ್ಕಳು ಅಂಗಳದಲ್ಲಿ ಕಾಲು ಜಾರಿ, ನಿಂತ ಎತ್ತರದಿಂದಲೇ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಡಿಸ್ಚಾರ್ಜ್ ಆಗುವ ಮುಂಚೆ ಡೆಕ್ಸಾ ಸ್ಕ್ಯಾನ್ (ಎಲುಬು ಎಷ್ಟು ಟೊಳ್ಳಾಗಿದೆ ಅಂತ ಅಳೆಯುವ ಪರೀಕ್ಷೆ), ವಿಟಮಿನ್ ಡಿ ಪರೀಕ್ಷೆ ಬೇಕಾ ಅಂತ ಕೇಳಿ. ಎಲುಬು ಟೊಳ್ಳಾಗಿದ್ದರೆ ಅದಕ್ಕೆ ವಾರಕ್ಕೊಂದು ಮಾತ್ರೆ, ವರ್ಷಕ್ಕೊಂದು ಇಂಜೆಕ್ಷನ್ ಹೀಗೆ ಔಷಧಿಗಳಿವೆ. ಮುಂದೆ ಸೊಂಟದ ಎಲುಬು ಮುರಿಯದಂತೆ ಕಾಯುವುದು ಈ ಔಷಧಿಯೇ, ಕೈಗೆ ಹಾಕಿದ ಯಾವ ಪ್ಲೇಟೂ ಅಲ್ಲ. ಆ ಪರೀಕ್ಷೆಗಳ ಚೀಟಿ ಬರೆಸಿಕೊಂಡೇ ವಾರ್ಡಿನಿಂದ ಹೊರಡಿ.